ತುರಿಚೆ ಗಿಡದ ಮಿಸ್ಸು

ನಾಲ್ಕು ಗೋಡೆಗಳ ಒಳಗೆ ಪಾಠ ಮಾಡಿದರೆ ಇಂಥದ್ದೆಲ್ಲ ಆಗುವುದಿಲ್ಲ. ಮಕ್ಕಳನ್ನು ಕರೆದುಕೊಂಡು ಗಿಡಗಳ ಹತ್ತಿರ ಹೋದ ದಿನ ಮಾತ್ರ ಏನಾದರೂ ಒಂದು ಆಗಿಯೇ ತೀರುತ್ತದೆ.

ನಾನು ಡಬ್ಲಿನ್ನಿನ ಕ್ಲಾಂಡಾಲ್ಕಿನ್‌ನಲ್ಲಿ ಒಂದು ಶಾಲೆಯ ವಿಜ್ಞಾನದ ಟೀಚರ್. ಶಾಲೆಯ ಹಿಂದೆ, ಆಟದ ಮೈದಾನಕ್ಕೂ ಪಕ್ಕದ ಮನೆಗಳ ಕಾಂಪೌಂಡಿಗೂ ನಡುವೆ, ಯಾರಿಗೂ ಬೇಡವಾದ ಒಂದು ಮೂಲೆ ಇದೆ. ಅಲ್ಲಿ ಈ ನೆಲದ್ದೇ ಗಿಡಗಳು ತಮ್ಮ ಪಾಡಿಗೆ ತಾವು ಬೆಳೆದುಕೊಂಡಿವೆ. ಹಿಂದಿನ ಕಾಲದ ಐರಿಶ್ ಜನ ಅವನ್ನು ಊಟಕ್ಕೆ, ಔಷಧಿಗೆ ಹೇಗೆಲ್ಲ ಬಳಸುತ್ತಿದ್ದರು ಅಂತ ಐರಿಶ್ ಮಕ್ಕಳಿಗೆ ಹೇಳಿಕೊಡುವವಳು ಕರ್ನಾಟಕದಿಂದ ಬಂದ ನಾನು. ತಮಾಷೆ ಅಲ್ಲಿಂದಲೇ ಶುರು.

ಸೂಪು

ವಸಂತ ಬಂತೆಂದರೆ ನಮ್ಮ ಮೂಲೆಯ ತುಂಬ ತುರಿಚೆ ಗಿಡ. ಮುಟ್ಟಿದರೆ ಉರಿ, ತುರಿಕೆ, ದದ್ದು. ಚಳಿಗಾಲದ ದವಸ ಮುಗಿದಾಗ ಹಿಂದಿನವರು ಇದರ ಎಳೆ ಚಿಗುರನ್ನೇ ಬೇಯಿಸಿ ಸೂಪು ಮಾಡಿ ಕುಡಿಯುತ್ತಿದ್ದರು, ಬೆಂದ ಮೇಲೆ ಅದು ಚುಚ್ಚುವುದಿಲ್ಲ ಅಂತ ಹೇಳಿದೆ. ಒಬ್ಬರೂ ನಂಬಲಿಲ್ಲ. ಸರಿ, ಗ್ಲೌಸ್ ಹಾಕಿಸಿ ಚಿಗುರು ಕೀಳಿಸಿದೆ. ಶಾಲೆಯ ಅಡುಗೆ ಕ್ಲಾಸಿನ ಒಲೆಯ ಮೇಲೆ ಆಲೂಗಡ್ಡೆ, ಈರುಳ್ಳಿ ಜತೆ ಬೇಯಿಸಿದ್ದಾಯಿತು. ಹಸಿರು ಸೂಪು ಘಮಘಮ ಅನ್ನುತ್ತಿದೆ, ಆದರೆ ಬಟ್ಟಲು ಹಿಡಿದು ಯಾರೂ ಮುಂದೆ ಬರುತ್ತಿಲ್ಲ. ಎಲ್ಲರೂ ನನ್ನ ಮುಖವನ್ನೇ ನೋಡುತ್ತಿದ್ದಾರೆ. ನಾನೇ ಮೊದಲ ಚಮಚ ಬಾಯಿಗಿಟ್ಟೆ.

ಮುಂದಿನ ಸಾಲಿನ ಹುಡುಗಿಗೆ ನಿಜಕ್ಕೂ ಆತಂಕ. "ಮಿಸ್, ನಿಮ್ಮ ನಾಲಿಗೆ ಊದಿಕೊಂಡ್ರೆ ಹೋಮ್‌ವರ್ಕ್ ಯಾರು ಹೇಳ್ತಾರೆ?"

"ಯಾರೂ ಇಲ್ಲ. ಇವತ್ತು ಹೋಮ್‌ವರ್ಕೇ ಇರಲ್ಲ," ಅಂದೆ.

ಹಿಂದಿನಿಂದ ಒಂದು ದನಿ ಬಂತು: "ಮಿಸ್, ಇನ್ನೊಂದು ಬಟ್ಟಲು ಹಾಕ್ಕೊಳ್ಳಿ!"

ಹಾಸಿಗೆ ಗಿಡ

ನನ್ನ ನಾಲಿಗೆ ಊದಲಿಲ್ಲ, ಪಾತ್ರೆ ಖಾಲಿಯಾಯಿತು. ಆ ಹುಮ್ಮಸ್ಸಿನಲ್ಲಿ ಮುಂದಿನ ವಾರ ಡ್ಯಾಂಡಲೈಯನ್ ಪಾಠ ಮಾಡಿದೆ. ಹುಲ್ಲಿನ ನಡುವೆ ಅರಳುತ್ತದಲ್ಲ, ಆ ಹಳದಿ ಹೂವು. ಇದರ ಎಲೆ ತಿಂದರೆ ಮೂತ್ರ ಜಾಸ್ತಿ ಹೋಗುತ್ತದೆ; ಮೈ ಊದಿಕೊಂಡವರಿಗೆ ಹಿಂದೆ ಇದನ್ನು ಕೊಡುತ್ತಿದ್ದರು. ಅದಕ್ಕೇ ಇಲ್ಲಿನ ಹಳಬರು ಇದನ್ನು 'ಹಾಸಿಗೆ ಒದ್ದೆ ಮಾಡೋ ಗಿಡ' ಅಂತಲೇ ಕರೆಯುವುದು. ಅಷ್ಟು ಹೇಳಿದ್ದೇ ತಡ, ಆ ಹೂವಿನದೇ ಹಾರ ಮಾಡಿ ಕೊರಳಿಗೆ ಹಾಕಿಕೊಂಡಿದ್ದ ಹುಡುಗನೊಬ್ಬ ಬಿಳಿಚಿಕೊಂಡ. ನಾನು ಗಮನಿಸಿದೆ, ಆದರೆ ಗಂಟೆ ಹೊಡೆಯಿತು.

ಮಾರನೆಯ ಬೆಳಿಗ್ಗೆ ಅವನ ತಾಯಿಯ ಫೋನು. "ಮಕ್ಕಳಿಗೆ ಏನು ಹೇಳ್ಕೊಟ್ಟಿದ್ದೀರಿ ಟೀಚರ್? ನಮ್ಮ ಹುಡುಗ ಹಾಸಿಗೆ ಹತ್ರಾನೇ ಹೋಗಲ್ಲ ಅಂತ ಬಾತ್‌ಟಬ್ಬಲ್ಲಿ ಮಲಗಿದ್ದಾನೆ!"

"ಅಯ್ಯೋ, ಮುಟ್ಟಿದ್ರೆ ಏನೂ ಆಗಲ್ಲ. ಎಲೆ ತಿಂದ್ರೆ ಮಾತ್ರ," ಅಂದೆ.

ಆಕೆ ದನಿ ತಗ್ಗಿಸಿ, "ಓ, ಗ್ರ್ಯಾಂಡ್, ಒಳ್ಳೇದಾಯ್ತು. ಹಾಗಿದ್ರೆ ಅವರಪ್ಪನ್ನೂ ಸೋಫಾದಿಂದ ಎಬ್ಬಿಸ್ತೀನಿ. ಹಾರ ಅವರೂ ಮುಟ್ಟಿದ್ರು," ಅಂದರು.

ಪರಿಚಯ

ನಮ್ಮತ್ತೆ ಊರಿಂದ ಬಂದಿದ್ದಾಗ ಒಂದು ಮಧ್ಯಾಹ್ನ ಶಾಲೆ ನೋಡಲು ಬಂದರು. ಮೂಲೆಯಲ್ಲಿ ಒಂಟಿಯಾಗಿ ಒಂದು ಹಾಥಾರ್ನ್ ಮರ ಇದೆ. ಮೈಯೆಲ್ಲ ಮುಳ್ಳು, ಮೇ ತಿಂಗಳಲ್ಲಿ ಬೆಳ್ಳಗೆ ಹೂವು. ಇಂಥ ಒಂಟಿ ಮರದಲ್ಲಿ ಫೇರಿಗಳು ಇರುತ್ತಾರೆ ಅಂತ ಇಲ್ಲಿಯವರು ಇವತ್ತಿಗೂ ಇದರ ಕೊಂಬೆ ಮುರಿಯುವುದಿಲ್ಲ. ಮಕ್ಕಳಿಗೆ ಇದನ್ನು ವಿವರಿಸುತ್ತಿದ್ದೆ. ಅತ್ತೆಗೆ ಅರ್ಥವಾಗಲೆಂದು ಕನ್ನಡದಲ್ಲೂ ಹೇಳಿದೆ.

"ಅಂದ್ರೆ ಇದರೊಳಗೆ ದೇವತೆ ಇದ್ದಾಳೇನೆ?"

"ಹೂಂ ಅತ್ತೆ, ಒಂಥರಾ ಹಾಗೇ."

"ಮೊದಲೇ ಹೇಳಬಾರದಾ!" ಅಂದವರೇ ಚಪ್ಪಲಿ ಬಿಟ್ಟು, ವ್ಯಾನಿಟಿ ಬ್ಯಾಗಿನಿಂದ ಕುಂಕುಮದ ಭರಣಿ ತೆಗೆದು ಬೊಡ್ಡೆಗೆ ಹಚ್ಚಿ ಪ್ರದಕ್ಷಿಣೆ ಶುರು ಮಾಡಿದರು. ಮಕ್ಕಳು ಬಿಡುತ್ತಾರೆಯೇ? ಶೂ ಬಿಚ್ಚಿಟ್ಟು ಸಾಲಾಗಿ ಅವರ ಹಿಂದೆ ಹೊರಟರು. ಎಲ್ಲರ ಹಣೆಯಲ್ಲೂ ಕುಂಕುಮ.

ಅಷ್ಟರಲ್ಲಿ ಪ್ರಿನ್ಸಿಪಾಲರು ಬಂದರು. "ಏನು ನಡೀತಿದೆ ಇಲ್ಲಿ?"

ಅದೇ ಕ್ಲಾಸಿನಲ್ಲಿರುವ ನನ್ನ ಮಗಳು ತನ್ನ ಅಪ್ಪಟ ಡಬ್ಲಿನ್ ಇಂಗ್ಲಿಷಿನಲ್ಲಿ ಹೇಳಿದಳು: "ಏನಿಲ್ಲ ಸರ್, ನಮ್ಮಜ್ಜಿ ಫೇರಿಗಳ ಪರಿಚಯ ಮಾಡ್ಕೊಳ್ತಿದ್ದಾರೆ."

ಪ್ರಿನ್ಸಿಪಾಲರು ಮರ ನೋಡಿದರು, ಅತ್ತೆಯನ್ನು ನೋಡಿದರು. ಆಮೇಲೆ ಬಗ್ಗಿ ತಮ್ಮ ಶೂ ಲೇಸು ಬಿಚ್ಚತೊಡಗಿದರು.

ಎಲ್ಲಿಯವರು?

ಈ ವರ್ಷ ನಗು ಬಾರದ ಸುದ್ದಿ ಬಂತು. ಟೀಚರುಗಳ ಕಾರು ನಿಲ್ಲಿಸಲು ಜಾಗ ಸಾಲದು, ಮೂಲೆಯನ್ನು ಸಮ ಮಾಡಿ ಟಾರು ಹಾಕೋಣ ಅಂತ ಶಾಲೆಯ ಆಡಳಿತ ಮಂಡಳಿಯಲ್ಲಿ ಮಾತಾಯಿತು. ತೀರ್ಮಾನಕ್ಕೆ ಮೊದಲು ಮಂಡಳಿಯ ಹಿರಿಯರೊಬ್ಬರು ನೋಡಲು ಬರುತ್ತಾರಂತೆ. ನನಗೆ ಊಟ ಸೇರಲಿಲ್ಲ. ಮಕ್ಕಳು ಮಾತ್ರ, "ಮಿಸ್, ನೀವು ಬಾಯಿ ಬಿಡಬೇಡಿ. ನಾವು ನೋಡ್ಕೊಳ್ತೀವಿ," ಅಂದರು.

ಟ್ವೀಡ್ ಟೋಪಿ ಹಾಕಿಕೊಂಡು ಹಿರಿಯರು ಬಂದರು. ಮುಖದಲ್ಲಿ ನಗುವಿಲ್ಲ. ನಾನು ದೂರದಲ್ಲಿ ನಿಂತೆ. ಒಬ್ಬಳು ಜ್ವರಕ್ಕೆ ಬಳಸುತ್ತಿದ್ದ ಹೂವು ತೋರಿಸಿದಳು, ಇನ್ನೊಬ್ಬ ನೋವಿಗೆ ಕೊಡುತ್ತಿದ್ದ ವಿಲೋ ಮರದ ತೊಗಟೆ. ಎಲ್ಲಿಯೂ ತಡವರಿಸಲಿಲ್ಲ, ಒಬ್ಬರ ಬಾಯಿಂದ ಇನ್ನೊಬ್ಬರು ಮಾತು ಕಿತ್ತುಕೊಳ್ಳಲಿಲ್ಲ. ನನ್ನ ಎದೆ ಉಬ್ಬಿಹೋಗಿತ್ತು.

ಅಷ್ಟರಲ್ಲಿ ಹಿರಿಯರ ಕೈಗೆ ಮುಳ್ಳು ಗೀರಿ ರಕ್ತ ಬಂತು. ಹುಡುಗಿಯೊಬ್ಬಳು ತಟಕ್ಕನೆ ಉದ್ದನೆಯ ಎಲೆಯೊಂದನ್ನು ಕಿತ್ತಳು. "ಇದಕ್ಕೆ ಐರಿಶ್ ಭಾಷೇಲಿ ಸ್ಲಾನ್‌ಲುಸ್ ಅಂತಾರೆ, ಸರ್. ಹಿಂದೆ ಗಾಯಕ್ಕೆ ಇದನ್ನ ಅಗಿದು ಹಚ್ತಿದ್ರು. ನಿಮಗೋಸ್ಕರ ನಾನು ಅಗೀಲಾ?"

"ಬೇಡ ಬೇಡ!"

"ಸರಿ. ಹಾಗಿದ್ರೆ ತಗೊಳ್ಳಿ, ಬ್ಯಾಂಡೇಜೂ ಇದೆ."

ಹಿರಿಯರು ಮೊದಲ ಸಲ ನಕ್ಕರು. ಆ ಎಲೆಯನ್ನು ಕೈಯಲ್ಲಿ ಹಿಡಿದು ತಿರುಗಿಸಿ ನೋಡಿದರು. "ನಮ್ಮಜ್ಜಿ ಪಶ್ಚಿಮದ ಕಡೆಯವಳು, ಮೇಯೋ ಕೌಂಟಿ. ಇದನ್ನ ನನ್ನ ಮೊಣಕಾಲಿಗೆ ಹಚ್ತಿದ್ದಳು. ಅವಳು ಹೋದ ಮೇಲೆ ಈ ಹೆಸರು ಯಾರ ಬಾಯಲ್ಲೂ ಕೇಳಿರಲಿಲ್ಲ," ಅಂದವರು, ಎಲೆಯನ್ನು ಜೇಬಿಗೆ ಹಾಕಿಕೊಂಡರು. "ಟೀಚರುಗಳು ಬಸ್ಸಲ್ಲಿ ಬರಲಿ. ಈ ಜಾಗ ಮುಟ್ಟೋದು ಬೇಡ."

ಮಕ್ಕಳು ಕೂಗಿದ ಕೂಗು ಮುಖ್ಯರಸ್ತೆಯವರೆಗೂ ಕೇಳಿಸಿರಬೇಕು.

"ಇದನ್ನೆಲ್ಲ ನಿಮಗೆ ಯಾರು ಹೇಳ್ಕೊಟ್ಟಿದ್ದು?" ಅಂತ ಅವರು ಕೇಳಿದರು. ಎಲ್ಲ ಬೆರಳೂ ನನ್ನ ಕಡೆ ತಿರುಗಿದವು. ನಾನು ಹತ್ತಿರ ಹೋಗಿ, "ಮಕ್ಕಳದ್ದೇ ಶ್ರಮ, ಸರ್," ಅಂದೆ. ಅವರು ನನ್ನನ್ನು ದಿಟ್ಟಿಸಿ ನೋಡಿ, ಪಕ್ಕದಲ್ಲಿದ್ದ ಹುಡುಗಿಯ ಕಿವಿಯ ಹತ್ತಿರ ಬಗ್ಗಿದರು.

"ನಿಮ್ಮ ಮಿಸ್ ಎಲ್ಲಿಯವರು?"

"ಮೈಸೂರು, ಸರ್."

"ಅದೆಲ್ಲಿದೆ?"

ಹುಡುಗಿ ಒಂದು ಕ್ಷಣವೂ ಯೋಚಿಸಲಿಲ್ಲ. "ಮೇಯೋ ದಾಟಿ ಸ್ವಲ್ಪ ಮುಂದೆ."

ಹಿರಿಯರು ಟೋಪಿ ತೆಗೆದು, ನನ್ನ ಕೈ ಹಿಡಿದು ಜೋರಾಗಿ ಕುಲುಕಿದರು.

"ಅಂದ್ಕೊಂಡೆ! ನಿಮ್ಮ ಮಾತಿನ ಧಾಟೀನೇ ಆ ಕಡೇದು."