ಗುಡ್ಡದ ಹೋಟೆಲಿನಲ್ಲಿ ಸಿಕ್ಕ ಮಾವ

೧೯೫೪ನೇ ಇಸವಿ, ಜೂನ್ ೨೦, ರವಿವಾರ, ಮುಂಜಾನೆ ಏಳು ಗಂಟೆ ಹತ್ತು ನಿಮಿಷ. ಬರೆಯಲು ಕೂತಿದ್ದೇನೆ. ಹೀಗೆ ವೇಳೆ ಹಾಕದೆ ನನಗೆ ಒಂದಕ್ಷರವೂ ಮೂಡುವುದಿಲ್ಲ. ಇದೊಂದು ರೋಗವೆಂದು ಮನೆಯವರೆಲ್ಲ ಒಪ್ಪಿದ್ದಾರೆ. ನಮ್ಮ ಹಳ್ಳಿ ಉಟಗಿಗೆ ಬಸ್ಸು ಈ ವರ್ಷ ಎಷ್ಟು ಸಲ ತಡವಾಗಿ ಬಂದಿದೆ, ಅಂಗಳದ ಬೇವಿನ ಮರದಲ್ಲಿ ಕಾಗೆ ಯಾವ ದಿನ ಗೂಡು ಕಟ್ಟಲು ಶುರು ಮಾಡಿತು, ನಾನು ಯಾವ ಯಾವ ದಿನ ಸುಳ್ಳು ಹೇಳಿದೆ, ಎಲ್ಲಕ್ಕೂ ನನ್ನ ದಿನಚರಿಯಲ್ಲಿ ಬೇರೆ ಬೇರೆ ಪುಟಗಳಿವೆ. ಕೊನೆಯ ಪುಟ ಮಾತ್ರ ಪೂರ್ತಿ ನಂಬುವಂಥದ್ದಲ್ಲ. ಬರೆದದ್ದು ಖರೆ ಇದ್ದರೆ ಯಾರಿಗೂ ಕೇಡಾಗುವುದಿಲ್ಲ ಎಂದು ಕಳೆದ ತಿಂಗಳವರೆಗೆ ನಂಬಿದ್ದೆ. ಆ ನಂಬಿಕೆಯನ್ನು ಮಹಾಬಳೇಶ್ವರದ ಗುಡ್ಡದ ಮೇಲೆ ಬಿಟ್ಟು ಬಂದೆ.

ನನ್ನ ಕಾಕಾ ಬೇಳೆಕಾಳಿನ ವ್ಯಾಪಾರಿ. ಬೇಸಿಗೆಯಲ್ಲಿ ಒಂದು ತಿಂಗಳು ಜ್ವರದಿಂದ ಮಲಗಿದರು. ಜ್ವರ ಬಿಟ್ಟಿತು, ಆದರೆ ಹೋಗುವಾಗ ಹಸಿವನ್ನೂ ತನ್ನ ಜೊತೆಗೆ ಕರೆದುಕೊಂಡು ಹೋಯಿತು. ಹತ್ತು ದಿನ ತಂಪು ಹವೆಯಲ್ಲಿ ಇರಿಸಿರೆಂದು ಮಿರಜಿನ ಡಾಕ್ಟರರು ಹೇಳಿದರು. ಸಂಗಡ ಹೋಗಲು ಮನೆಯಲ್ಲಿ ಕೆಲಸವಿಲ್ಲದವನು ನಾನೊಬ್ಬನೇ. ಹೊರಡುವಾಗ ಕಾಕಾರ ಹೆಂಡತಿ, ನಮ್ಮ ಕಾಕು, ನನ್ನ ದಿನಚರಿಯನ್ನು ತೋರಿಸಿ, "ಕಾಗಿ ಗೂಡ ಬರದದ್ದ ಸಾಕು. ಇವರು ದಿನಾ ಎಷ್ಟ ತಿಂತಾರ ಅನ್ನೂದನ್ನ ಬರಕೊಂಡ ಬಾ. ನಾಲ್ಕ ರೊಟ್ಟಿ ತಿನ್ನೂತನಕ ಇವರನ್ನ ತಿರಗಿ ಕರಕೊಂಡ ಬರಬ್ಯಾಡ," ಎಂದಳು. ನನ್ನ ಲೆಕ್ಕಕ್ಕೂ ಒಂದು ಉಪಯೋಗವಿದೆ ಎಂದು ಮೊದಲ ಸಲ ಗೊತ್ತಾದ ಹೆಮ್ಮೆಯಲ್ಲಿ ಬಸ್ಸು ಹತ್ತಿದೆ.

ಹೋಟೆಲು ಸಣ್ಣದು, ಸ್ವಚ್ಛವಾದದ್ದು. ಕೋಣೆಯ ಮೇಜಿನ ಮೇಲೆ ಒಂದು ಹಿತ್ತಾಳೆಯ ಗಂಟೆ. ಬಾರಿಸಿದರೆ ನೌಕರ ಬರುತ್ತಾನೆ ಎಂದು ಮ್ಯಾನೇಜರರು ತಿಳಿಸಿದರು. ಕಾಕಾ ಅದನ್ನು ಎರಡು ಬೆರಳಲ್ಲಿ ಎತ್ತಿ ಕಿಟಕಿಯಲ್ಲಿಟ್ಟರು. "ಗಂಟಿ ಬಾರಸೂದು ದೇವರ ಮುಂದ. ಮನಷ್ಯಾನ್ನ ಕರೀಲಾಕ ಬಾಯಿ ಐತಿ," ಎಂದರು. ಬಾಯಿ ಇತ್ತು, ನಿಜ. ಆದರೆ ಮೊದಲ ಮೂರು ದಿನ ಅದು ಕರೆಯಲೂ ಇಲ್ಲ, ತಿನ್ನಲೂ ಇಲ್ಲ. ಹೊತ್ತಿಗೆ ಅರ್ಧ ಚಪಾತಿ, ಇಷ್ಟೇ ನಾನು ದಿನಚರಿಯಲ್ಲಿ ಗೆರೆ ಎಳೆದು ಹಾಕಿದ ತಖ್ತೆಯಲ್ಲಿ. ಊಟ ಬಡಿಸುತ್ತಿದ್ದವರು ಹಣೆಗೆ ವಿಭೂತಿ ಹಚ್ಚಿದ, ಬಿಳಿ ಮೀಸೆಯ ಮುದುಕರು. ಮರಾಠಿಯಲ್ಲಿ ಮೆಲ್ಲಗೆ ಮಾತಾಡುತ್ತಿದ್ದರು. ನಾಲ್ಕನೆಯ ದಿನ ಮಧ್ಯಾಹ್ನ ಕಾಕಾ ಚಪಾತಿಯನ್ನು ದಿಟ್ಟಿಸಿ, "ಇದಕಿಂತ ಜ್ವರನ ಚಲೋ ಇತ್ತ," ಎಂದು ಗೊಣಗಿದರು. ಮುದುಕರ ಕೈಯ ಪಲ್ಯದ ಸೌಟು ಅಲ್ಲೇ ನಿಂತಿತು. ನಮ್ಮ ಕಡೆಯ ಕನ್ನಡದಲ್ಲೇ ಅವರು ಕೇಳಿದರು:

"ಯಾವೂರಾತ್ರಿ ನಿಮ್ಮದು?"

"ಉಟಗಿ. ನಿಮ್ಮದ?"

"ದರಿಬಡಚಿಯಾಂವ್ರಿ ನಾ. ಊರ ಬಿಟ್ಟ ಮೂವತ್ತ ವರ್ಷ ಆತು."

ಕಾಕಾ ತಾಟಿನ ಮುಂದಿನಿಂದ ಎದ್ದೇ ನಿಂತರು. "ನಮ್ಮ ಮನಿಯಾಕಿ ದರಿಬಡಚಿಯಾಕಿರೀ!"

"ಹಂಗಾದ್ರ ನೀವು ನಮ್ಮೂರ ಅಳ್ಯಾರು! ಕುಂದ್ರಿ, ಅಳ್ಯಾರು ತಾಟಿನ ಮುಂದಿಂದ ಏಳಬಾರದು."

"ಮಾವ ನಿಂತಿರಬೇಕಾದ್ರ ಅಳ್ಯಾ ಹೆಂಗ ಕುಂದ್ರತಾನ್ರಿ?"

ನಮ್ಮ ಕಡೆಯ ರೀತಿ ಗೊತ್ತಿಲ್ಲದವರಿಗೆ ಹೇಳಬೇಕು. ಹೆಂಡತಿಯ ಊರಿನಲ್ಲಿ ಅವಳ ತಂದೆಯ ವಯಸ್ಸಿನ ಪ್ರತಿಯೊಬ್ಬನೂ ಮಾವನೇ. ಊರಿನ ಅಳಿಯನನ್ನು ಕೆಲಸಕ್ಕೆ ಹಚ್ಚುವುದು ಊರಿಗೇ ಅವಮಾನ, ಮಾವನ ಕೈಲಿ ನೀರು ಹೊರಿಸುವುದು ಅಳಿಯನಿಗೆ ಅವಮಾನ. ಇಬ್ಬರೂ ಒಂದೇ ಕೋಣೆಯಲ್ಲಿದ್ದು, ಒಬ್ಬರು ನೌಕರರಾಗಿ ಇನ್ನೊಬ್ಬರು ಗಿರಾಕಿಯಾದರೆ ಏನು ಮಾಡಬೇಕೆಂದು ಹಿರಿಯರು ಹೇಳಿಟ್ಟಿಲ್ಲ. ಹೀಗಾಗಿ ಯುದ್ಧ ಶುರುವಾಯಿತು. ಮುದುಕರು ಬಿಸಿನೀರು ತರುವ ಮೊದಲೇ ಕಾಕಾ ಬಕೇಟು ಹಿಡಿದು ಒಲೆಯ ಹತ್ತಿರ ಹೋಗಿರುತ್ತಿದ್ದರು. ಒಂದು ತಿಂಗಳು ಗೋಡೆ ಹಿಡಿದು ನಡೆದವರು! ಉಂಡ ತಾಟಿಗೆ ಇಬ್ಬರೂ ಕೈ ಹಾಕಿ ಎಳೆದಾಡುವಾಗ ನಾನು ಸಾರಿನ ಬಟ್ಟಲನ್ನು ರಕ್ಷಿಸುತ್ತಿದ್ದೆ. ಆದರೆ ಅಡಿಗೆಮನೆಯ ಹಿಂದೆ ಮುದುಕರದೇ ಒಂದು ಒಲೆಯಿತ್ತು, ಅಲ್ಲಿ ಕಾಕಾರ ಆಟ ನಡೆಯಲಿಲ್ಲ. ತಮಗಾಗಿ ಇಟ್ಟುಕೊಂಡಿದ್ದ ಜೋಳದ ಹಿಟ್ಟಿನಲ್ಲಿ ಅವರು ರೊಟ್ಟಿ ಬಡಿದರು, ನಂಚಿಕೊಳ್ಳಲು ಶೇಂಗಾ ಹಿಂಡಿ ಕುಟ್ಟಿದರು. ರೊಟ್ಟಿ ಬೇಡವೆಂದರೆ, "ನಿಮ್ಮನ್ನ ಉಪಾಸ ಕಳಿಸಿದೆ ಅಂತ ಮಗಳಿಗೆ ಗೊತ್ತಾದ್ರ ನಾ ಊರಾಗ ಹೆಂಗ ಮಾರಿ ತೋರಸ್ಲಿ?" ಎನ್ನುತ್ತಿದ್ದರು. ಮಗಳೆಂದರೆ ಅವರು ಕಣ್ಣಿಂದಲೂ ನೋಡದ ನಮ್ಮ ಕಾಕು. ನಾಲ್ಕನೆಯ ದಿನ ರಾತ್ರಿ ಒಂದೂವರೆ ರೊಟ್ಟಿ, ಏಳನೆಯ ದಿನ ಮೂರು, ಹತ್ತನೆಯ ದಿನ ನಾಲ್ಕು.

ಹೊರಡುವ ಮುಂಜಾನೆ ಮ್ಯಾನೇಜರರು ಅಭಿಪ್ರಾಯದ ವಹಿಯನ್ನು ಮುಂದಿಟ್ಟರು. ಎಲ್ಲರೂ ಅದರಲ್ಲಿ 'ವ್ಯವಸ್ಥೆ ಉತ್ತಮ' ಎಂದು ಎರಡೇ ಶಬ್ದ ಗೀಚಿದ್ದರು. ಇಷ್ಟು ಉಪಕಾರವಾದ ಮೇಲೆ ಎರಡು ಶಬ್ದದಲ್ಲಿ ಮುಗಿಸುವುದು ಕೃತಘ್ನತೆ ಎನಿಸಿತು. ಗೆರೆ ಎಳೆದು, ಚೊಕ್ಕ ಮರಾಠಿಯಲ್ಲಿ, ತಖ್ತೆ ಹಾಕಿದೆ. ಹತ್ತು ದಿನದಲ್ಲಿ ಬಿಸಿನೀರು ನೌಕರ ತಂದದ್ದು ನಾಲ್ಕು ಸಲ, ಅತಿಥಿಯೇ ತಂದದ್ದು ಆರು ಸಲ. ತಾಟು ನೌಕರ ಎತ್ತಿದ್ದು ಒಂಬತ್ತು ಸಲ, ಅತಿಥಿಯೇ ಎತ್ತಿದ್ದು ಹನ್ನೊಂದು ಸಲ. ಒಂದೂ ತಪ್ಪಿಲ್ಲ. ಕೆಳಗೆ ಸಹಿ.

ಹಾಸಿಗೆ ಸುತ್ತಿ ಕೆಳಗಿಳಿದು ಬಂದಾಗ ಮುದುಕರು ಮ್ಯಾನೇಜರರ ಮುಂದೆ ಕೈಕಟ್ಟಿ ನಿಂತಿದ್ದರು. ಮಳೆಗಾಲಕ್ಕೆ ಗುಡ್ಡದ ಹೋಟೆಲುಗಳೆಲ್ಲ ಮುಚ್ಚುತ್ತವೆ. ಮಳೆ ನಿಂತ ಮೇಲೆ ಯಾವ ನೌಕರನನ್ನು ತಿರುಗಿ ಕರೆಯಬೇಕೆಂದು ಮಾಲಕರು ನಿರ್ಧರಿಸುವುದು ಇದೇ ವಹಿ ನೋಡಿ. "ಜಡ್ಡಿನ ಮನುಷ್ಯನ ಕೈಲಿ ಬಕೇಟು ಹೊರಿಸಿದೆಯಾ? ಇನ್ನು ಯಾವ ಬಾಯಿಂದ ನಿನ್ನ ಹೆಸರು ಹೇಳಲಿ?" ಎಂದು ಮ್ಯಾನೇಜರರು ಕೇಳುತ್ತಿದ್ದರು. ಮುದುಕರು ನನ್ನ ಮೇಲೆ ಒಂದು ಮಾತೂ ಹೇಳಲಿಲ್ಲ. ಅಳಿಯನ ಕಡೆಯವನಲ್ಲವೇ ನಾನು!

ಕಾಕಾ ನನ್ನ ಕಡೆ ತಿರುಗಿದರು. "ಲೇ ತಮ್ಮಾ, ನೀರ ನಾ ಯಾಕ ತಂದೆ ಅನ್ನೂದನ್ನ ಬರದಿಯೇನ?"

"ತಖ್ತೆದಾಗ ಅದಕ್ಕ ಬ್ಯಾರೆ ಖಾನಿ ಹಾಕಿದ್ದಿಲ್ಲ, ಕಾಕಾ."

"ಭಾಳ ಶಾಣ್ಯಾ!"

ಪುಟ ಹರಿಯಲು ಕೈ ಹಾಕಿದೆ. ಮ್ಯಾನೇಜರರು ವಹಿಯನ್ನು ಎಳೆದುಕೊಂಡರು. ಪುಟಗಳಿಗೆ ಮಾಲಕರೇ ನಂಬರು ಹಾಕಿದ್ದರಂತೆ. ಬೇರೆ ದಿನವಾಗಿದ್ದರೆ ಅಂಥ ಮಾಲಕರಿಗೆ ಮನಸ್ಸಿನಲ್ಲೇ ನಮಸ್ಕಾರ ಮಾಡುತ್ತಿದ್ದೆ. ಆಗ ಕಾಕಾ ತಮ್ಮ ಒಡಕು ಮರಾಠಿಯಲ್ಲಿ ಊರಿನ ಅಳಿಯತನವನ್ನೆಲ್ಲ ವಿವರಿಸಿ, "ನಿಮ್ಮ ಅತ್ತೆಮನೆಯ ಊರಿನಲ್ಲಿ ನೀವು ಹಿರಿಯರ ಕೈಲಿ ತಾಟು ಎತ್ತಿಸುತ್ತೀರೇನು?" ಎಂದು ಕೇಳಿದರು. ಮ್ಯಾನೇಜರರು ವಹಿಯನ್ನು ತಿರುಗಿ ನನ್ನ ಮುಂದೆ ಸರಿಸಿದರು. "ನನಗೆ ಅಲ್ಲಿ ತಾಟು ಹಾಕುವುದೇ ಇಲ್ಲ," ಎಂದು ಲೇಖನಿಯನ್ನು ನನ್ನ ಕೈಗೆ ಕೊಟ್ಟರು.

ತಖ್ತೆಯ ಕೆಳಗೆ ಇನ್ನೊಂದನ್ನು ಬರೆದೆ. ಬಂದ ದಿನ ಅರ್ಧ ಚಪಾತಿ, ಹೋಗುವ ಮುಂಚಿನ ದಿನ ನಾಲ್ಕು ರೊಟ್ಟಿ. ಬಂದಾಗ ಗೋಡೆ ಹಿಡಿದು ಹತ್ತಿದ ಪಾವಟಿಗೆ ಹದಿನಾಲ್ಕು, ಈಗ ಅವೇ ಪಾವಟಿಗೆಗಳನ್ನು ಬಕೇಟು ಹಿಡಿದು ಹತ್ತುತ್ತಾರೆ. ಇದೆಲ್ಲ ಮಾಡಿದ್ದು ನಿಮ್ಮ ವಯಸ್ಸಾದ ನೌಕರರು, ಹೀಗೆ ನಮ್ಮನ್ನು ಸ್ವಂತ ಮನೆಯಲ್ಲೂ ಯಾರೂ ನೋಡಿಕೊಂಡಿಲ್ಲ ಎಂದು. ಮ್ಯಾನೇಜರರು ಓದಿ, "ಮಾಲಕರಿಗೆ ತೋರಿಸುತ್ತೇನೆ," ಎಂದರು, ಅಷ್ಟೇ. ಬಸ್ಸಿನ ತನಕ ನಮ್ಮ ಹಾಸಿಗೆಯನ್ನು ಮುದುಕರೇ ಹೊತ್ತರು. ಆ ದಿನ ಕಾಕಾ ಎಳೆದಾಡಲಿಲ್ಲ. ಮ್ಯಾನೇಜರರು ಬಾಗಿಲಲ್ಲಿ ನಿಂತು ನೋಡುತ್ತಿದ್ದರು.

ಮನೆಗೆ ಬಂದು ಕಾಕುವಿಗೆ ನಾಲ್ಕು ರೊಟ್ಟಿಯ ಲೆಕ್ಕ ತೋರಿಸಿದೆ. ಅವಳಿಗೆ ಕಣ್ಣಲ್ಲಿ ನೀರು ಬಂತು. "ನಮ್ಮೂರಾಂವ! ಯಾರ ಮಗಾ? ಯಾವ ಓಣಿ? ಹೆಸರೇನ?"

ನಾನು ದಿನಚರಿಯ ಪುಟಗಳನ್ನು ತಿರುವಿ ಹಾಕಿದೆ. ಕಾಕಾ ನಾಲ್ಕನೆಯ ದಿನದಿಂದ ಕೊನೆಯವರೆಗೂ 'ಮಾವ' ಎಂದೇ ಕರೆದಿದ್ದರು. ನನ್ನ ದಿನಚರಿಯಲ್ಲಿ ಪಾವಟಿಗೆಗಳ ಸಂಖ್ಯೆಯೂ ಇತ್ತು. ಆ ಮನುಷ್ಯನ ಹೆಸರು ಮಾತ್ರ ಇರಲಿಲ್ಲ. ಕಾಕು ದರಿಬಡಚಿಗೆ ಹೇಳಿ ಕಳಿಸಿದಳು. "ಬಿಳಿ ಮೀಸಿ, ಹಣಿಗಿ ವಿಭೂತಿ ಅಂದ್ರ ಅರ್ಧ ಊರ ಆತಲ್ಲ!" ಎಂದು ಅವಳ ಅಣ್ಣನ ಉತ್ತರ ಬಂತು. ಹೋಟೆಲಿಗೆ ಬರೆದ ಪತ್ರ ಮಳೆಯಲ್ಲಿ ನೆನೆದು, ಬಾಗಿಲು ಮುಚ್ಚಿದೆ ಎಂಬ ಟಪಾಲಿನವರ ಬರಹದೊಂದಿಗೆ ತಿರುಗಿ ಬಂತು.

ಮೂವತ್ತು ವರ್ಷದ ಹಿಂದೆ ದರಿಬಡಚಿ ಬಿಟ್ಟು ಗುಡ್ಡದ ಮೇಲೆ ನೌಕರಿಗೆ ಹೋದ ಹಿರಿಯರು ನಿಮಗೆ ಗೊತ್ತಿದ್ದರೆ, ಅವರ ಹೆಸರು, ಈ ಮಳೆಗಾಲದಲ್ಲಿ ಅವರು ಇರುವ ಊರು, ಬರುವ ಹಂಗಾಮಿಗೆ ಅವರಿಗೆ ಕರೆ ಬಂತೋ ಇಲ್ಲವೋ, ಇಷ್ಟನ್ನು ದಯವಿಟ್ಟು ನನಗೆ ಉಟಗಿಗೆ ಬರೆದು ತಿಳಿಸಿ. ಕಾಕು ಅವರಿಗೆಂದು ಒಂದು ಧೋತರ ತೆಗೆದಿಟ್ಟಿದ್ದಾಳೆ. ನಾನು ದಿನಚರಿಯಲ್ಲಿ ಒಂದು ಸಾಲು ಖಾಲಿ ಬಿಟ್ಟಿದ್ದೇನೆ. ವೇಳೆ ಒಂಬತ್ತು ಗಂಟೆ ಐದು ನಿಮಿಷ.