ಹನ್ನೆರಡು ನಟ್ಟು, ಹನ್ನೊಂದು ಕುಂಕುಮ

"ನವೆಂಬರ್ ಎಂಟು, ಶನಿವಾರ. ಕಾರು ಕೆಮ್ಮುತ್ತಿದೆ. ಇವರು ಮಾರು ಅಂದರು. ನಾನು ಆಗದು ಅಂದೆ."

ನನ್ನ ಹಳೆಯ ಡೈರಿಯ ಆ ಪುಟದಲ್ಲಿ ಇರುವುದು ಇಷ್ಟೇ. ನಮ್ಮ ಮನೆಯಲ್ಲಿ ಯಾವ ವಸ್ತುವೂ ಸುಮ್ಮನೆ ಕೆಡುವುದಿಲ್ಲ. ಕೆಡುವ ಮೊದಲು ಒಂದು ಜಗಳ ಹುಟ್ಟಿಸುತ್ತದೆ, ರಿಪೇರಿಯಾಗುವಷ್ಟರಲ್ಲಿ ನಾಲ್ಕು ಕಥೆ ಬಿಟ್ಟುಹೋಗುತ್ತದೆ.

ಅಬುಧಾಬಿಯ ಖಲೀಫಾ ಸಿಟಿಯಲ್ಲಿ, ನಾಲ್ಕು ಸಂಸಾರಗಳು ಹಂಚಿಕೊಂಡ ಒಂದು ವಿಲ್ಲಾದ ಕೆಳಗಿನ ಮನೆ ನಮ್ಮದು. ಈ ಕಾರು ನನ್ನದು. ಐದನೆಯ ಪ್ರಯತ್ನದಲ್ಲಿ ಲೈಸೆನ್ಸ್ ಸಿಕ್ಕಿದ ವಾರವೇ ಕೊಂಡದ್ದು. ಹತ್ತೊಂಬತ್ತು ವರ್ಷ ನನ್ನನ್ನು ಯಾರ ಲಿಫ್ಟಿಗೂ ಕಾಯಿಸಿಲ್ಲ. ಅದರ ನೋಂದಣಿ ಆ ತಿಂಗಳ ಕೊನೆಗೆ ಮುಗಿಯುವುದಿತ್ತು. ನಮ್ಮಿಬ್ಬರಲ್ಲಿ ಒಪ್ಪಂದವಾಯಿತು: ವಾರ್ಷಿಕ ತಪಾಸಣೆಯಲ್ಲಿ ಪಾಸಾದರೆ ಕಾರು ಉಳಿಯುತ್ತದೆ, ಫೇಲಾದರೆ ಗುಜರಿಗೆ, ಆಮೇಲೆ ಮಾತಿಲ್ಲ. ಡೈರಿಯ ಮುಂದಿನ ಪುಟದಲ್ಲಿ ಬರೆದು ಇಬ್ಬರೂ ಸಹಿ ಹಾಕಿದೆವು. ಇವರು ತಾರೀಖನ್ನೂ ಹಾಕಿದರು.

೧. ಅಂಗಡಿಯಲ್ಲಿ

ದುಬೈಯಲ್ಲಿ ಕೆಲಸ ಮಾಡುವ ಮಗಳು ನನ್ನನ್ನು ಅಲ್ಲಿಯ ಕಾರುಪೇಟೆ ರಾಸ್ ಅಲ್ ಖೋರ್‌ಗೆ ಕರೆದುಕೊಂಡು ಹೋದಳು. ಅಲ್ಲಿಯ ಬಿಡಿಭಾಗದ ಅಂಗಡಿಯವರು ಭಟ್ಕಳದವರು. ಎಂಜಿನ್ನಿನ ಶಬ್ದವನ್ನು ಅರ್ಧ ನಿಮಿಷ ಕೇಳಿ, "ಎಂಜಿನ್ನಿಂದ ಹೊಗೆ ಹೊರಗೆ ತರುವ ಬೀಡುಕಬ್ಬಿಣದ ತುಂಡು ಬಿರುಕು ಬಿಟ್ಟಿದೆ ಅಮ್ಮಾ. ಕಂಪೆನಿಯದ್ದು ಈಗ ಬರುವುದಿಲ್ಲ, ಖಲಾಸ್. ಬೇರೆಯವರು ಮಾಡಿದ ಹೆಡರ್ ಉಂಟು," ಎಂದು ಒಳಗಿನಿಂದ ಒಂದನ್ನು ತಂದಿಟ್ಟರು. ಆರು ಉಕ್ಕಿನ ಕೊಳವೆಗಳು ಬಾಗಿ ಬಳುಕಿ ಒಂದಾಗಿ ಸೇರುವ ಗೊಂಚಲು.

ನಾನು ಭೌತಶಾಸ್ತ್ರದ ಬಿ.ಎಸ್ಸಿ. ಆರೂ ಕೊಳವೆಗಳ ಉದ್ದ ಒಂದೇ ಯಾಕಿರಬೇಕು, ಒಂದರ ಹೊಗೆ ಇನ್ನೊಂದಕ್ಕೆ ಅಡ್ಡ ಬರುವುದಿಲ್ಲವೇ, ಶಬ್ದ ಜಾಸ್ತಿಯಾದರೆ ದಂಡ ಯಾರು ಕಟ್ಟುವುದು ಎಂದೆಲ್ಲ ಕೇಳಿದೆ. ಅವರು ಪಾಪ, ಎಲ್ಲದಕ್ಕೂ ಉತ್ತರಿಸಿದರು. ಶಬ್ದ ಮಾಡುವಂಥದ್ದಲ್ಲ, ತಪಾಸಣೆಗೆ ಅಡ್ಡಿಯಿಲ್ಲ ಎಂಬ ಕಾಗದವನ್ನೂ ಕೊಟ್ಟರು. ಕೊನೆಗೆ, "ಫಿಟ್ ಮಾಡುವುದು ಯಾವ ಗ್ಯಾರೇಜಿನಲ್ಲಿ?" ಎಂದರು.

"ಮನೆಯಲ್ಲೇ. ನಾನು ಮತ್ತು ಮಗಳು."

ಅವರು ಬಿಲ್ ಬರೆಯುವುದನ್ನು ಅಲ್ಲಿಗೇ ನಿಲ್ಲಿಸಿ, ಕೆಳಗೆ ಇನ್ನೊಂದು ಸಾಲು ಸೇರಿಸಿದರು: ಮಾರಿದ ಮಾಲನ್ನು ವಾಪಸು ಪಡೆಯುವುದಿಲ್ಲ.

೨. ತುಕ್ಕಿನ ಪ್ರಯೋಗ

ಹಳೆಯ ತುಂಡನ್ನು ಹಿಡಿದಿದ್ದದ್ದು ಹನ್ನೆರಡು ನಟ್ಟು. ಒಂಬತ್ತು ಬಿಟ್ಟವು, ಮೂರು ಅಲ್ಲಾಡಲಿಲ್ಲ. ಅಷ್ಟರಲ್ಲಿ ಕಾಂಪೌಂಡಿನವರೆಲ್ಲ ಬಂದು ಸೇರಿದ್ದರು. ಮೇಲಿನ ಮನೆಯ ಈಜಿಪ್ಟಿನವರು ಕೋಲಾ ಸುರಿಯಿರಿ ಎಂದರು. ಇವರು ತೆಂಗಿನೆಣ್ಣೆ ಎಂದರು. ಊರಿನಿಂದ ಬಂದ ಎಣ್ಣೆಗೆ ಬಗ್ಗದ ವಸ್ತು ಇಲ್ಲ ಎಂಬುದು ಅವರ ನಂಬಿಕೆ. ಮಗಳು ಅಂಗಡಿಯಿಂದ ತಂದ ಸ್ಪ್ರೇ ಎತ್ತಿ ಹಿಡಿದಳು.

ವಾದ ಯಾಕೆ? ಮೂರು ನಟ್ಟು, ಮೂರು ಔಷಧ. ಒಂದೊಂದಕ್ಕೆ ಒಂದೊಂದು ಹಾಕಿ, ಗಡಿಯಾರ ನೋಡಿ ಬರೆದುಕೊಂಡೆ. ಸ್ಪ್ರೇ ಹದಿನೈದು ನಿಮಿಷ. ಕೋಲಾ ಒಂದು ಗಂಟೆ ಹತ್ತು ನಿಮಿಷ. ತೆಂಗಿನೆಣ್ಣೆಯದ್ದು ಮರುದಿನ ಬೆಳಿಗ್ಗೆ.

"ಬಿಟ್ಟಿತೋ ಇಲ್ಲವೋ?" ಎಂದರು ಇವರು.

"ಬಿಟ್ಟಿತು. ಆದರೆ ನಿನ್ನೆಯ ರಾತ್ರಿಯೆಲ್ಲ ಸ್ಪ್ರೇ ಅದರ ಮೇಲೂ ಹರಿದಿದೆ ಅಪ್ಪಾ," ಎಂದಳು ಮಗಳು.

ಈಜಿಪ್ಟಿನವರು ಮಾತ್ರ ಗೆದ್ದವರಂತೆ ಎರಡು ದಿನ ಓಡಾಡಿದರು. ಕೋಲಾ ಕುಡಿದ ನಟ್ಟು ಎಂಜಿನ್ನನ್ನು ಬಿಟ್ಟಿತ್ತು ನಿಜ. ಆದರೆ ಅಲ್ಲಿಗೆ ಬಂದ ಇರುವೆಗಳು ಎರಡು ವಾರ ಬಿಡಲಿಲ್ಲ.

೩. ಇಡ್ಲಿ ತಟ್ಟೆ

ಬಿಚ್ಚಿದ ನಟ್ಟುಗಳನ್ನು ಸಿಕ್ಕಿದಲ್ಲಿ ಇಡುವುದು ನನಗಾಗದು. ನಮ್ಮ ಇಡ್ಲಿ ಸ್ಟ್ಯಾಂಡಿನಲ್ಲಿ ಮೂರು ತಟ್ಟೆ, ತಟ್ಟೆಗೆ ನಾಲ್ಕು ಗುಳಿ. ಲೆಕ್ಕ ಸರಿಯಾಗಿ ಹನ್ನೆರಡು. ಪ್ರತಿ ಗುಳಿಯಲ್ಲಿ ಒಂದು ನಟ್ಟು, ಅಡಿಯಲ್ಲಿ ಒಂದು ಚೀಟಿ: "ಮುಂದಿನಿಂದ ಮೂರನೆಯ ಕೊಳವೆ, ಕೆಳಗಿನದು." ಕನ್ನಡದಲ್ಲೇ ಬರೆದಿದ್ದೆ. ಇಲ್ಲೇ ಹುಟ್ಟಿ ಬೆಳೆದ ಮಗಳು ಅಕ್ಷರ ಕೂಡಿಸಿ ಒಂದು ಚೀಟಿ ಓದಿ ಮುಗಿಸುವಷ್ಟರಲ್ಲಿ ಟೀ ಆರಿಹೋಗುತ್ತಿತ್ತು.

ನಾವು ಕೈ ತೊಳೆದು ಬರುವಾಗ ಸ್ಟ್ಯಾಂಡ್ ಇರಲಿಲ್ಲ. ಮರುದಿನದ ಇಡ್ಲಿ ಇವರ ಪಾಳಿ. ಯಾರೋ ತಟ್ಟೆಯನ್ನು ಹೊರಗೆ ಬಿಟ್ಟಿದ್ದಾರೆ ಎಂದುಕೊಂಡು ಎಲ್ಲವನ್ನೂ ಒಂದು ಬಕೆಟಿಗೆ ಸುರಿದು, ತಿಕ್ಕಿ, ತೊಳೆದು, ಬೋರಲು ಹಾಕಿದ್ದರು. ಚೀಟಿಗಳು ಸೋಪಿನ ನೊರೆಯಲ್ಲಿ ತೇಲುತ್ತಿದ್ದವು.

"ಎಂತ ಮಾರಾಯ್ರೇ ಮಾಡಿದ್ದು?"

"ಅಮ್ಮಾ, ಇಟ್ಸ್ ಓಕೆ. ಹನ್ನೆರಡೂ ಒಂದೇ ಸೈಜ್. ಹೇಗೂ ಹೊಸ ನಟ್ಟು ತಂದಿದ್ದೇವೆ," ಎಂದಳು ಮಗಳು.

ಇದನ್ನು ಚೀಟಿ ಬರೆಯುವ ಮೊದಲೇ ಯಾಕೆ ಹೇಳಲಿಲ್ಲ ಎಂದೆ. "ನೀನು ಖುಷಿಯಲ್ಲಿ ಬರೀತಿದ್ದೆ," ಎಂದಳು.

ಬೆಳಿಗ್ಗೆ ಇಡ್ಲಿಯ ಬುಡದಲ್ಲಿ ಕಂದು ಬಣ್ಣದ ಉಂಗುರ ಕಂಡಿತು. ಇವರು ಚಟ್ನಿ ಹಾಕಿ ಮುಚ್ಚುತ್ತಾ ಹೇಳಿದರು: "ತಿನ್ನು, ತಿನ್ನು. ನಿನಗೆ ಕಬ್ಬಿಣದ ಅಂಶ ಕಡಿಮೆ ಅಂತ ಡಾಕ್ಟರೇ ಹೇಳಿದ್ದಲ್ವಾ."

೪. ತಪಾಸಣೆ

ಹೊಸ ಹೆಡರ್ ಕೂತಿತು. ಹೊಸ ವಸ್ತು ಮನೆಗೆ ಬಂದರೆ ಮೊದಲು ಪೂಜೆ, ಸ್ಕೂಟರಾದರೇನು, ಮಿಕ್ಸಿಯಾದರೇನು. ತಪಾಸಣೆಯ ದಿನ ಬೆಳಿಗ್ಗೆ ಊದುಬತ್ತಿ ಹಚ್ಚಿ, ಎಣ್ಣೆಯಲ್ಲಿ ಕಲಸಿದ ಕುಂಕುಮವನ್ನು ಒಂದೊಂದು ನಟ್ಟಿಗೂ ಇಟ್ಟೆ. ಒಂದಕ್ಕಿಟ್ಟು ಇನ್ನೊಂದನ್ನು ಬಿಡುವುದು ಸರಿಯಲ್ಲ. ಆದರೆ ಕೊನೆಯ ಕೊಳವೆಯ ಕೆಳಗಿನ ನಟ್ಟು ಗೋಡೆಯಂಥ ತಗಡಿನ ಹಿಂದೆ. ಬಳೆ ತೆಗೆದರೂ ಕೈ ತಲುಪಲಿಲ್ಲ. ದೇವರು ಅರ್ಥ ಮಾಡಿಕೊಳ್ಳುತ್ತಾನೆ ಎಂದುಕೊಂಡು ಹೊರಟೆವು. ಇವರೂ ಬಂದರು, ಡೈರಿ ಹಿಡಿದುಕೊಂಡು.

ತಪಾಸಣೆ ಮಾಡುವಾತ ಪಾಕಿಸ್ತಾನದ ಹುಡುಗ. ಬಾನೆಟ್ ಎತ್ತಿ ಟಾರ್ಚ್ ಹಾಕಿದ. ಬಗ್ಗಿದ. ಇನ್ನೂ ಬಗ್ಗಿದ. ಪಕ್ಕದವನನ್ನು ಕರೆದು ತೋರಿಸಿದ. ನನಗೆ ಐದನೆಯ ಡ್ರೈವಿಂಗ್ ಟೆಸ್ಟಿನ ದಿನ ನೆನಪಾಯಿತು.

"ಅಮ್ಮಾಜಿ, ಇದನ್ನು ಕೂರಿಸಿದ್ದು ಯಾವ ವರ್ಕ್‌ಶಾಪ್?"

"ಖಲೀಫಾ ಸಿಟಿ," ಎಂದೆ. ಸುಳ್ಳಲ್ಲ.

"ಒಳ್ಳೆಯ ಜನ. ನಟ್ಟು ಪೂರ್ತಿ ಬಿಗಿ ಮಾಡಿದ ಮೇಲೆ ಹೀಗೆ ಕೆಂಪು ಗುರುತು ಹಾಕಬೇಕು ಅಂತ ನಮಗೆ ಕಲಿಸುತ್ತಾರೆ. ಈಗ ಯಾರೂ ಹಾಕುವುದಿಲ್ಲ."

ನಾನು ಬಾಯಿ ತೆರೆದೆ. ಮಗಳು ನನ್ನ ತೋಳು ಚಿವುಟಿದಳು.

ಆತ ಎಣಿಸತೊಡಗಿದ. ಹನ್ನೊಂದಕ್ಕೆ ನಿಂತ. "ಒಂದಕ್ಕೆ ಗುರುತಿಲ್ಲ. ಅದು ಬಿಗಿಯಾಗಿಲ್ಲ." ಎಂಜಿನ್ ಚಾಲು ಮಾಡಿಸಿ ಕಿವಿಯಿಟ್ಟ. ಆ ಮೂಲೆಯಿಂದ ಸಣ್ಣಗೆ ಟಿಕ್ ಟಿಕ್ ಎಂದು ಹೊಗೆ ಸೋರುತ್ತಿತ್ತು. ನನ್ನ ಕೈ ತಲುಪದಲ್ಲಿ ಮಗಳ ಸ್ಪ್ಯಾನರೂ ಸರಿಯಾಗಿ ತಲುಪಿರಲಿಲ್ಲ.

ಇವರು ಡೈರಿ ತೆರೆದು ಸಹಿ ಹಾಕಿದ ಪುಟ ಹುಡುಕತೊಡಗಿದರು.

"ಫೇಲಾ?" ಎಂದೆ.

"ಇನ್ನೂ ಬರೆದಿಲ್ಲ. ಅತ್ತ ಕಡೆ ನಿಲ್ಲಿಸಿ, ಆರಿದ ಮೇಲೆ ಬಿಗಿ ಮಾಡಿ, ಗುರುತು ಹಾಕಿ ತನ್ನಿ."

ಮಗಳು ಹತ್ತಿರದ ಅಂಗಡಿಗೆ ಓಡಿ ಕುತ್ತಿಗೆ ಬಾಗುವ ಸ್ಪ್ಯಾನರ್ ತಂದಳು. ಮುಕ್ಕಾಲು ಗಂಟೆ ಕಾದೆವು. ಅವಳು ಬಿಗಿ ಮಾಡಿದಳು. ನಾನು ಪರ್ಸಿನಿಂದ ಕುಂಕುಮದ ಭರಣಿ ತೆಗೆದು, ಸ್ಪ್ಯಾನರಿನ ತುದಿಗೆ ಹಚ್ಚಿ, ಹನ್ನೆರಡನೆಯದಕ್ಕೂ ಮುಟ್ಟಿಸಿದೆ.

ಆತ ಮತ್ತೆ ಕಿವಿಯಿಟ್ಟ, ಟಾರ್ಚ್ ಹಾಕಿದ, ಹನ್ನೆರಡು ಎಣಿಸಿದ, ಪಾಸ್ ಎಂದು ಬರೆದ. ಕಾಗದ ಕೊಡುತ್ತಾ ನನ್ನ ಹಣೆಯನ್ನು ಒಂದು ಕ್ಷಣ ನೋಡಿದ.

"ಅಮ್ಮಾಜಿಯನ್ನೂ ಅದೇ ವರ್ಕ್‌ಶಾಪಿನವರು ಚೆಕ್ ಮಾಡಿದ್ದಾರೆ," ಎಂದ.

"ಮೂವತ್ತೆರಡು ವರ್ಷದಿಂದ ಬಿಗಿಯಾಗಿಯೇ ಉಂಟು," ಎಂದರು ಇವರು, ಡೈರಿ ಮುಚ್ಚುತ್ತಾ.

ಖರ್ಚು ಹೀಗಾಯಿತು. ಹೆಡರ್ ಏಳುನೂರ ಇಪ್ಪತ್ತು ದಿರ್ಹಂ. ಗ್ಯಾಸ್ಕೆಟ್ ಮತ್ತು ಹೊಸ ನಟ್ಟು ಅರವತ್ತು. ಸ್ಪ್ರೇ ಇಪ್ಪತ್ತೈದು. ಬಾಗುವ ಸ್ಪ್ಯಾನರ್ ನಲವತ್ತೈದು. ತಪಾಸಣೆಯ ಶುಲ್ಕ ನೂರ ಎಪ್ಪತ್ತು. ಒಟ್ಟು ಸಾವಿರದ ಇಪ್ಪತ್ತು ದಿರ್ಹಂ, ಕುಂಕುಮ ಮನೆಯದೇ.