ಗುಮ್ಮನ ಹುದ್ದೆಯಿಂದ ಬಿಡುಗಡೆ ಕೋರಿ

ಯಲಹಂಕ,
೧೦-೭-೧೯೬೪, ಶುಕ್ರವಾರ

ಇಂದ:
ಅಶ್ವತ್ಥಪ್ಪ, ದಂತವೈದ್ಯ,
ಸಂತೆಬೀದಿ, ಯಲಹಂಕ.
(ವಾಸ: ಅಲ್ಲಾಳಸಂದ್ರ)

ಗೆ:
ಶ್ರೀ ಪಿಳ್ಳಪ್ಪನವರು, ಅಧ್ಯಕ್ಷರು,
ಸಂತೆಬೀದಿ ಹಿತವರ್ಧಕ ಸಂಘ, ಯಲಹಂಕ.

ವಿಷಯ: ನಾನು ಅರ್ಜಿ ಹಾಕದೆ, ಸಂದರ್ಶನಕ್ಕೆ ಹೋಗದೆ, ಸಂಬಳವನ್ನೂ ಪಡೆಯದೆ ನಿರ್ವಹಿಸುತ್ತಿರುವ ಗುಮ್ಮನ ಹುದ್ದೆಯಿಂದ ಸೋಮವಾರದೊಳಗೆ ಬಿಡುಗಡೆ ಮಾಡುವ ಬಗ್ಗೆ.

ಉಲ್ಲೇಖ: ತಮ್ಮ ಧರ್ಮಪತ್ನಿ ಶ್ರೀಮತಿ ದೊಡ್ಡಮುನಿಯಮ್ಮನವರು ದಿನವೂ ಊಟದ ಹೊತ್ತಿಗೆ ತಮ್ಮ ಮನೆಯ ಜಗಲಿಯಿಂದ ಹೊರಡಿಸುತ್ತಿರುವ ಮೌಖಿಕ ಆದೇಶ.

ಮಾನ್ಯರೇ,

ಮೇಲ್ಕಂಡ ವಿಷಯಕ್ಕೆ ಸಂಬಂಧಿಸಿದಂತೆ ತಮ್ಮಲ್ಲಿ ವಿನಂತಿಸಿಕೊಳ್ಳುವುದೇನೆಂದರೆ, ನಾನು ಈ ಬೀದಿಯಲ್ಲಿ ಆಸ್ಪತ್ರೆ ತೆರೆದದ್ದು ಹಲ್ಲು ನೋಡುವುದಕ್ಕೆ. ಊರಿನ ಮಕ್ಕಳಿಗೆ ಮುದ್ದೆ ನುಂಗಿಸುವ ಕೆಲಸ ನನ್ನ ಬೋರ್ಡಿನ ಮೇಲೆ ಎಲ್ಲಿಯೂ ಬರೆದಿಲ್ಲ. ಹೀಗಿದ್ದರೂ ಕೆಳಕಂಡ ಸಂಗತಿಗಳು ನಡೆದಿವೆ.

೧. ತಮ್ಮ ಮೊಮ್ಮಗ ಒಂದು ಸಂಜೆ ಮುದ್ದೆ ಬೇಡವೆಂದು ತಟ್ಟೆ ತಳ್ಳಿದಾಗ ದೊಡ್ಡಮುನಿಯಮ್ಮನವರು, "ಉಣ್ತೀಯೋ, ಇಲ್ಲ ಅಲ್ಲು ಡಾಕ್ಟ್ರುನ್ನ ಕರೀಲೋ? ಇಕ್ಕಳ ತಕ್ಕಂಡ್ ಬತ್ತಾನೆ ನೋಡು!" ಎಂದರು. ಮೊಮ್ಮಗ ಉಂಡ. ಇದನ್ನು ಕಂಡ ಪಕ್ಕದ ಮನೆಯವರು ತಮ್ಮ ಮಕ್ಕಳ ಮೇಲೂ ಪ್ರಯೋಗಿಸಿದರು. ತಿಂಗಳೊಳಗೆ ನನ್ನ ನೇಮಕ ಇಡೀ ಊರಿಗೆ ಖಾಯಂ ಆಯಿತು.

೨. ನನಗಿಂತ ಮೊದಲು ಈ ಹುದ್ದೆಯಲ್ಲಿದ್ದವರು ಪೊಲೀಸ್ ಠಾಣೆಯ ದಫೇದಾರ್ ಮೊಯಿನುದ್ದೀನ್ ಸಾಹೇಬರು. ಈಗ ಮಕ್ಕಳು ಅವರ ತೊಡೆ ಹತ್ತಿ ಮೀಸೆ ಎಳೆಯುತ್ತವೆ. ಚಾರ್ಜು ವಾಪಸ್ಸು ತೆಗೆದುಕೊಳ್ಳಿರೆಂದು ನಾನು ಕೇಳಿದ್ದಕ್ಕೆ, "ಬ್ಯಾಡಿ ಡಾಕ್ಟ್ರೇ, ಈಗ ನೆಮ್ಮದಿಯಾಗಿದೀನಿ. ನೀವೇ ಚೆನ್ನಾಗಿ ಮಾಡ್ತಿದೀರ" ಎಂದು ಬೆನ್ನು ತಟ್ಟಿದರು.

೩. ಈ ಕಾರಣ, ಹಲ್ಲು ಹುಳುಕಾದ ಮಕ್ಕಳನ್ನು ನನ್ನಲ್ಲಿಗೆ ಕರೆತರುವುದು ಹೆತ್ತವರಿಗೆ ಕಷ್ಟವಾಗಿದ್ದು, ಅವರು ತಮಗೆ ತೋಚಿದ ಉಪಾಯಗಳನ್ನು ಹೂಡುತ್ತಿದ್ದಾರೆ. ದಿನಸಿ ಅಂಗಡಿಯ ಬೈರಣ್ಣನವರು ರೈಲು ತೋರಿಸುತ್ತೇನೆಂದು ಮಗನನ್ನು ಹೆಗಲ ಮೇಲೆ ಕೂರಿಸಿಕೊಂಡು ನೇರ ನನ್ನ ಕುರ್ಚಿಗೆ ತಂದು ಇಳಿಸಿದರು. ಆ ಹುಡುಗ ಕಾಲಿನಿಂದ ತುಳಿದು ಹಲ್ಲು ಕೊರೆಯುವ ನನ್ನ ಯಂತ್ರವನ್ನು ಮೇಲಿಂದ ಕೆಳಗೆ ನೋಡಿ, "ಇದು ರೈಲಲ್ಲ" ಎಂದು ಶುರುಮಾಡಿದ ಕೂಗು ನಿಜವಾದ ರೈಲಿಗೂ ಕೇಳಿಸಿರಬೇಕು. ಇನ್ನು ಕೆಲವು ತಾಯಂದಿರು ಬಾಯಿ ತೆರೆಯಲೆಂದು ಪೆಪ್ಪರಮೆಂಟು ಕೊಡುತ್ತಾರೆ. ಮಗು ಪೆಪ್ಪರಮೆಂಟನ್ನು ಬಾಯಿಗೆ ಹಾಕಿಕೊಂಡು ಬಾಯಿ ಮುಚ್ಚಿಕೊಳ್ಳುತ್ತದೆ. ಹಲ್ಲು ಹುಳುಕಾದದ್ದೂ ಅದರಿಂದಲೇ ಎಂದರೆ ನನ್ನ ಮೇಲೇ ಮುನಿಸು.

ತಮ್ಮ ಮೊಮ್ಮಗನ ವಿಚಾರ ತಮಗೆ ತಿಳಿದೇ ಇದೆ. ಅವನು ಬಾಯಿ ತೆರೆದದ್ದು ಒಂದೇ ಸಲ, ಅದೂ ನನ್ನ ಬೆರಳು ಕಚ್ಚುವುದಕ್ಕೆ. ಆಗ ದೊಡ್ಡಮುನಿಯಮ್ಮನವರು ನನ್ನ ಕಡೆ ತಿರುಗಿ, "ಏನ್ ಡಾಕ್ಟ್ರೇ, ಮಗೀನ ಇಂಗಾ ಎದ್ರಿಸೋದು?" ಎಂದು ಬೈದರು.

೪. ಈ ಊರಿನಲ್ಲಿ ಬೇರೆ ರೀತಿ ನಡೆದುಕೊಂಡವರು ಒಬ್ಬರೇ. ಸಬೀರಾ ಎಂಬ ತಾಯಿ ತನ್ನ ಮಗನನ್ನು ಕುರ್ಚಿಯಲ್ಲಿ ಕೂರಿಸಿ, "ನೋವಾಗುತ್ತೆ ಬೇಟಾ. ಅಳು ಬಂದ್ರೆ ಅಳು. ನಾನು ಇಲ್ಲೇ ಇರ್ತೀನಿ" ಎಂದಳು. ಹುಡುಗ ಅತ್ತ, ಆದರೆ ಬಾಯಿ ಮುಚ್ಚಲಿಲ್ಲ. ಕೆಲಸ ಮುಗಿಯುವವರೆಗೂ ನನ್ನ ಕೋಟಿನ ತೋಳು ಹಿಡಿದುಕೊಂಡಿದ್ದ. ಮಾನ್ಯರೇ, ಒಂದು ಮಗು ನನ್ನನ್ನು ಆಸರೆಗೆಂದು ಹಿಡಿದುಕೊಂಡದ್ದು ಅದೇ ಮೊದಲು. ನನಗೆ ಬಹಳ ಸಂತೋಷವಾಯಿತು.

೫. ಇಷ್ಟಾದರೂ ನಾನು ಸಹಿಸಿಕೊಂಡಿದ್ದೆ. ಸಂಜೆ ಬಿಳಿ ಕೋಟನ್ನು ಮೊಳೆಗೆ ಸಿಕ್ಕಿಸಿ, ಸೈಕಲ್ ಹತ್ತಿ ಅಲ್ಲಾಳಸಂದ್ರಕ್ಕೆ ಹೋದರೆ ಅಲ್ಲಿ ನಾನು ಬರೀ ಅಪ್ಪ. ನಾಲ್ಕು ವರ್ಷದ ನನ್ನ ಮಗಳು ಕುಸುಮ ಕೆರೆ ಏರಿಯವರೆಗೂ ಓಡಿಬಂದು ಸೈಕಲ್ ನಿಲ್ಲಿಸುತ್ತಾಳೆ. ಅಪ್ಪ ಕೆಲಸಕ್ಕೆ ಹೋಗುತ್ತಾನೆ ಎಂಬುದು ಅವಳಿಗೆ ಗೊತ್ತು, ಏನು ಕೆಲಸ ಎಂಬುದು ಗೊತ್ತಿಲ್ಲ. ಹೋದ ತಿಂಗಳು ಒಂದು ದಿನ ನಾನು ಸೈಕಲ್ ಒಳಗಿಡುತ್ತಿದ್ದಾಗ ಅಡುಗೆಮನೆಯಿಂದ ನನ್ನ ಹೆಂಡತಿ ಗಂಗರತ್ನಮ್ಮನ ದನಿ ಕೇಳಿಸಿತು: "ಬೇಗ ಉಣ್ಣು, ಹಲ್ಲು ಡಾಕ್ಟ್ರು ಬರೋ ಹೊತ್ತಾಯ್ತು!"

ವಿವರಣೆ ಕೇಳಲಾಗಿ ಆಕೆ, "ಏನ್ ಮಾಡ್ಲಿ ಹೇಳಿ, ಯಲಹಂಕದಲ್ಲೆಲ್ಲಾ ಹಂಗೇ ಅಂತಾರಂತೆ. ಒಂದೇ ಮಾತಿಗೆ ಉಣ್ತಾಳೆ. ನಿಮ್ ಹೆಸರು ಹೇಳಿದ್ನಾ? ಹಲ್ಲು ಡಾಕ್ಟ್ರು ಅಂದೆ, ಅಷ್ಟೆ" ಎಂದಳು.

೬. ಈಗ ವಿಷಯಕ್ಕೆ ಬರುತ್ತೇನೆ. ನೆನ್ನೆ ಸಂಜೆ ಕುಸುಮ ನನ್ನನ್ನು ಹಿತ್ತಲಿಗೆ ಎಳೆದುಕೊಂಡು ಹೋಗಿ, ಕಿವಿಯ ಹತ್ತಿರ ಬಾಯಿಟ್ಟು, "ಅಪ್ಪ, ಯಾರ್ಗೂ ಹೇಳ್ಬೇಡ, ಹಲ್ಲು ನೋಯ್ತಿದೆ. ಹಲ್ಲು ಡಾಕ್ಟ್ರಿಗೆ ಗೊತ್ತಾಗ್ಬಾರ್ದು" ಎಂದಳು.

ಹೇಳುವುದಿಲ್ಲವೆಂದೆ.

"ಅವ್ನು ಬಂದ್ರೆ ಹೊಡೀತೀಯಾ?"

"ಹೊಡೀತೀನಿ ಕಣಮ್ಮ."

"ಜೋರಾಗಿ?"

"ಜೋರಾಗಿ."

ಕೆಳಗಿನ ದವಡೆ ಹಲ್ಲು ಕೆಟ್ಟಿದೆ, ಕೆನ್ನೆ ಆಗಲೇ ಊದಿದೆ. ಔಷಧಿಯಿಂದ ಭಾನುವಾರದವರೆಗೆ ತಡೆಯಬಹುದು. ಸೋಮವಾರ ಬೆಳಿಗ್ಗೆ ಅವಳನ್ನು ಇದೇ ಕುರ್ಚಿಯಲ್ಲಿ ಕೂರಿಸಲೇಬೇಕು. ಕೋಟು ತೊಟ್ಟು ಇಕ್ಕಳ ಹಿಡಿದವನ ಮುಖ ಅವಳು ನೋಡುತ್ತಾಳೆ. ಸಬೀರಾಳ ಹಾಗೆ ನಿಜ ಹೇಳಬಾರದೇ ಎಂದು ತಾವು ಕೇಳಬಹುದು. ನೆನ್ನೆಯಿಂದ ಮೂರು ಸಲ ಬಾಯಿ ತೆರೆದು ಮುಚ್ಚಿದ್ದೇನೆ. ಊರಿನ ಮಕ್ಕಳೆಲ್ಲ ನನಗೆ ಹೆದರಿಕೊಳ್ಳಲಿ, ತಡೆದುಕೊಳ್ಳುತ್ತೇನೆ. ಇವಳು ಹೆದರಿದರೆ ನನ್ನಿಂದಾಗದು.

ಆದ್ದರಿಂದ, ಸದರಿ ಹುದ್ದೆಯನ್ನು ತಕ್ಷಣ ರದ್ದುಪಡಿಸಿ, ಮನೆಮನೆಗೂ ತಿಳುವಳಿಕೆ ಕೊಡಬೇಕೆಂದೂ, ಆರಂಭವನ್ನು ತಮ್ಮ ಜಗಲಿಯಿಂದಲೇ ಮಾಡಬೇಕೆಂದೂ ಪ್ರಾರ್ಥಿಸುತ್ತೇನೆ.

ಬೆರಳು ಕಚ್ಚಿಸಿಕೊಂಡೂ ತಮ್ಮ ವಿಶ್ವಾಸಿಯಾಗಿ ಉಳಿದಿರುವ,
ಅಶ್ವತ್ಥಪ್ಪ

ಲಗತ್ತುಗಳು:
೧. ತಮ್ಮ ಮೊಮ್ಮಗ ಕಚ್ಚಿದ ಬೆರಳಿನ ಬ್ಯಾಂಡೇಜು.
೨. ಬಿಳಿ ಕೋಟು ಒಂದು, ಒಗೆದು ಇಸ್ತ್ರಿ ಮಾಡಿದ್ದು.

ವಿಶೇಷ ಸೂಚನೆ: ಆದೇಶ ಸೋಮವಾರದೊಳಗೆ ಹೊರಡುವುದು ಕಷ್ಟವಾದಲ್ಲಿ, ಲಗತ್ತು ೨ನ್ನು ತೊಟ್ಟುಕೊಂಡು ತಾವೇ ಬೆಳಿಗ್ಗೆ ಹತ್ತು ಗಂಟೆಗೆ ನನ್ನ ಕುರ್ಚಿಯ ಪಕ್ಕದಲ್ಲಿ ಬಂದು ನಿಲ್ಲಬೇಕಾಗಿ ಕೋರಿಕೆ. ನಾನು ಅಂಗಿಯಲ್ಲೇ ಮಗಳನ್ನು ಎತ್ತಿಕೊಂಡು ಒಳಗೆ ಬಂದು ತಮಗೆ ಒಂದು ಏಟು ಹಾಕುತ್ತೇನೆ. ತಾವು ಕೋಟು ಬಿಚ್ಚಿ ಎಸೆದು ಬೀದಿಗೆ ಓಡಬೇಕು. ಮಿಕ್ಕದ್ದನ್ನು ಅಪ್ಪನಾಗಿಯೇ ನೋಡಿಕೊಳ್ಳುತ್ತೇನೆ. ಏಟು ಜೋರಾಗಿಯೇ ಇರುತ್ತದೆ, ದಯವಿಟ್ಟು ನಗಬಾರದು. ಮಗಳು ನೋಡುತ್ತಿರುತ್ತಾಳೆ.